ಉಪ್ಪಿನೂರಿನ ಮಾರ್ಚ್ ಜಾತ್ರೆ

ಅಮೆರಿಕದ ಕಾನ್ಸಾಸ್ ರಾಜ್ಯದ ಹಚಿನ್‌ಸನ್ ಸುಮಾರು 40 ಸಾವಿರ ಜನರ ಊರು. ಸುತ್ತ ಗೋಧಿ ಹೊಲ, ನೆಲದಡಿ ಉಪ್ಪು. 1887ರಲ್ಲಿ ಉಪ್ಪಿನ ನಿಕ್ಷೇಪ ಸಿಕ್ಕ ಈ ಊರಿಗೆ ‘ಸಾಲ್ಟ್ ಸಿಟಿ’ ಎಂಬ ಅಡ್ಡಹೆಸರೂ ಇದೆ. ಆದರೆ ಮಾರ್ಚ್ ಬಂತೆಂದರೆ ಊರ ತುಂಬ ಬ್ಯಾಸ್ಕೆಟ್‌ಬಾಲ್‌ನದೇ ಮಾತು. ಜೂನಿಯರ್ ಕಾಲೇಜು ಪುರುಷರ ರಾಷ್ಟ್ರೀಯ ಟೂರ್ನಿ 1949ರಿಂದ ಇಲ್ಲಿಯ ಜಾತ್ರೆ. ನಡೆಸುವವರು ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಸ್ಥಳೀಯ ಶಾಖೆಯವರು. ನಡೆಯುವುದು 1952ರಲ್ಲಿ ತೆರೆದ ಸ್ಪೋರ್ಟ್ಸ್ ಅರೆನಾದಲ್ಲಿ.

ಅಲ್ಲಿಯ ಜೂನಿಯರ್ ಕಾಲೇಜು ನಮ್ಮ ಪಿಯುಸಿಯಂತಲ್ಲ. ಪದವಿಯ ಮೊದಲೆರಡು ವರ್ಷ ಕಲಿಸುವ ಕಾಲೇಜು. ದೊಡ್ಡ ವಿಶ್ವವಿದ್ಯಾಲಯಕ್ಕೆ ಅಂಕ ಸಾಲದವರು, ತಡವಾಗಿ ಎತ್ತರ ಬೆಳೆದವರು, ಯಾರ ಕಣ್ಣಿಗೂ ಬೀಳದವರು ಇಲ್ಲಿ ಆಡಿ ಮುಂದಿನ ದಾರಿ ಹುಡುಕಿಕೊಳ್ಳುತ್ತಾರೆ. ಹುಡುಗ ಪಳಗುವಷ್ಟರಲ್ಲಿ ಎರಡು ವರ್ಷ ಮುಗಿದಿರುತ್ತದೆ. ಕೋಚ್ ಮತ್ತೆ ಹೊಸಬರನ್ನು ಹುಡುಕಿಕೊಂಡು ಊರೂರು ಅಲೆಯಬೇಕು. ಬಂದವರು ತರಗತಿಗೆ ಹೋದರೋ ಇಲ್ಲವೋ ಎಂಬುದೂ ಅವರದೇ ತಲೆನೋವು.

ಗ್ಯಾಲರಿಯಲ್ಲಿ ಕೂತ ವಿಶ್ವವಿದ್ಯಾಲಯಗಳ ಕೋಚ್‌ಗಳು ಅಂಕಪಟ್ಟಿಯನ್ನಷ್ಟೇ ನೋಡುವುದಿಲ್ಲ. ಗುರಿ ತಪ್ಪಿದ ಹುಡುಗ ತಲೆ ತಗ್ಗಿಸಿ ನಿಲ್ಲುತ್ತಾನೋ, ತಡೆಯಲು ಹಿಂದಕ್ಕೆ ಓಡುತ್ತಾನೋ? ಹೊರಗೆ ಕರೆದು ಬೆಂಚಿನಲ್ಲಿ ಕೂರಿಸಿದರೆ ಮುಖ ಸಿಂಡರಿಸುತ್ತಾನೋ? ಇಂಥವೂ ಲೆಕ್ಕಕ್ಕೆ ಬರುತ್ತವೆ. 1970ರಲ್ಲಿ ಇಂಡಿಯಾನಾದ ವಿನ್ಸೆನ್ಸ್ ತಂಡದೊಂದಿಗೆ ಇಲ್ಲಿ ಗೆದ್ದ ಬಾಬ್ ಮೆಕಾಡೂ, 1975ರಲ್ಲಿ ಎನ್‌ಬಿಎ ಲೀಗ್‌ನ ಅತ್ಯಮೂಲ್ಯ ಆಟಗಾರನಾದರು.

ಕೋಚ್‌ಗಳಿಗೂ ಇದು ಮೆಟ್ಟಿಲು. ನಾರ್ತ್‌ವೆಸ್ಟ್ ಫ್ಲಾರಿಡಾ ಸ್ಟೇಟ್ ತಂಡವನ್ನು 2012 ಮತ್ತು 2013ರಲ್ಲಿ ಫೈನಲ್‌ವರೆಗೆ ತಂದು ಎರಡೂ ಸಲ ಸೋತ ಸ್ಟೀವ್ ಫೋರ್ಬ್ಸ್, ಮುಂದೆ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. ಮೆಟ್ಟಿಲು ಹತ್ತದೆ ಅಲ್ಲೇ ಬೇರುಬಿಟ್ಟವರೂ ಇದ್ದಾರೆ. ಮಿಸ್ಸೌರಿಯ ಥ್ರೀ ರಿವರ್ಸ್ ಎಂಬ ಸಣ್ಣ ಕಾಲೇಜಿನಲ್ಲಿ ಜೀನ್ ಬೆಸ್ ಕಳೆದದ್ದು 50 ಸೀಸನ್. ಗೆದ್ದದ್ದು 1,300 ಪಂದ್ಯ. 1979 ಮತ್ತು 1992ರಲ್ಲಿ ಪ್ರಶಸ್ತಿಯನ್ನೂ ಒಯ್ದರು. 2023ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ವರ್ಷವರ್ಷವೂ ತಂಡ ಕಳೆದುಕೊಳ್ಳುವ ಕೆಲಸದಲ್ಲಿ ಇಷ್ಟು ದೀರ್ಘ ಬಾಳಿಕೆ ಅಪರೂಪ.

ಆತಿಥೇಯ ಊರು ಪರರ ಆಟಕ್ಕಷ್ಟೇ ಚಪ್ಪಾಳೆ ತಟ್ಟಿಲ್ಲ. ಹಚಿನ್‌ಸನ್ ಕಮ್ಯುನಿಟಿ ಕಾಲೇಜಿನ ಬ್ಲೂ ಡ್ರ್ಯಾಗನ್ಸ್ 1988, 1994 ಮತ್ತು 2017ರಲ್ಲಿ ತವರಿನಲ್ಲೇ ಚಾಂಪಿಯನ್ ಆಗಿದ್ದಾರೆ.

ವಿಚಿಟಾ ನಗರದಿಂದ ಇಲ್ಲಿಗೆ ಸುಮಾರು 80 ಕಿ.ಮೀ. 650 ಅಡಿ ಆಳದಲ್ಲಿರುವ ಸ್ಟ್ರಾಟಾಕಾ ಉಪ್ಪಿನ ಗಣಿ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಆಟ ನೋಡಲೆಂದೇ ಹೋಗುವವರು ಟೂರ್ನಿಯ ಮೊದಲ ದಿನಗಳನ್ನು ಆರಿಸಿಕೊಳ್ಳುವುದು ಲೇಸು: ಆಗ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೊಂದು ಪಂದ್ಯ.