ಕೆರೆಯ ಮೇಲಣ ಮಿಥ್ಯಾಪವಾದ

ಮಳೆಗಾಲವು ಹಿಂದೆಗೆಯುವ ಭಾದ್ರಪದ ಆಶ್ವಯುಜ ಮಾಸಗಳಲ್ಲಿ, ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯಂಥ ಗಿರಿಪಾದದ ಸರೋವರದ ತೀರದಲ್ಲಿ ಡೇರೆ ಹೂಡಿ ಎರಡು ರಾತ್ರಿ ಕಳೆದುಬರುವೆನೆಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಕೇಳಿದವರೆಲ್ಲರೂ ಒಕ್ಕೊರಲಿನಿಂದ ಹೇಳುವ ಮಾತು ಒಂದೇ: ಕೆರೆಯೆಂದರೆ ಸೊಳ್ಳೆಗಳ ತವರುಮನೆ, ಕೆರೆ ಹಿರಿದಾದಷ್ಟೂ ಸೊಳ್ಳೆ ಹೆಚ್ಚು. ಶಕುನಗಿರಿಯ ಬುಡದಲ್ಲಿ ಹರಡಿರುವ ಆ ವಿಶಾಲ ಜಲರಾಶಿಯ ಮೇಲೆ ಇಂಥ ಅಪವಾದವನ್ನು ಹೊರಿಸುವ ಈ ಮಹನೀಯರಲ್ಲಿ ದಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ನೀರನ್ನು ಕಣ್ಣಿಟ್ಟು ನೋಡಿದವರು ಎಷ್ಟು ಮಂದಿಯೋ, ನಾನರಿಯೆ. ಆದರೆ ನೋಡದೆಯೇ ಸಿದ್ಧಾಂತವನ್ನು ಮಂಡಿಸುವ ಅವರ ಧೈರ್ಯವನ್ನು ಮಾತ್ರ ಮೆಚ್ಚಲೇಬೇಕು.

ಸೊಳ್ಳೆಯ ಮರಿಹುಳುವು ನೀರಿನಲ್ಲಿ ಬೆಳೆಯುವುದಾದರೂ ಉಸಿರಾಡುವುದು ಹೊರಗಣ ಗಾಳಿಯನ್ನೇ. ಅದಕ್ಕಾಗಿ ನೀರಿನ ಮೇಲ್ಮೈಗೆ ಬಂದು ಅಲ್ಲಿ ನಿಶ್ಚಲವಾಗಿ ತಂಗಬೇಕು. ಬೆಟ್ಟದಿಂದ ಬೀಸಿಬರುವ ಗಾಳಿಗೆ ಹಗಲಿರುಳೂ ಅಲೆಯೆದ್ದು ಏರಿಯ ಕಲ್ಲಿಗೆ ಬಡಿಯುವ ನೀರಿನಲ್ಲಿ ಅದಕ್ಕೆ ಆ ಸ್ವಾಸ್ಥ್ಯವೆಲ್ಲಿಯದು? ಅಲೆಯಿಂದ ತಪ್ಪಿಸಿಕೊಂಡದ್ದನ್ನು ಮೀನು ನುಂಗುವುದು. ಮೀನಿನ ಕಣ್ಣಿಗೆ ಬೀಳದುದನ್ನು ಏರೋಪ್ಲೇನ್ ಚಿಟ್ಟೆಯ ಮರಿ ಹಿಡಿಯುವುದು. ಚರಂಡಿಯ ಕೊಳೆಯನ್ನು ಕುಡಿದು, ಅಂತರಗಂಗೆಯ ಹೊದಿಕೆಯಡಿ ಉಸಿರು ಕಟ್ಟಿ ಬಿದ್ದಿರುವ ನಗರದ ಕೆರೆಗಳ ಮಾತು ಬೇರೆ; ಅಲ್ಲಿ ಸೊಳ್ಳೆಯುಂಟು, ಧಾರಾಳವಾಗಿಯೇ ಉಂಟು. ಆ ದೋಷವಾದರೂ ಕೆರೆಯದಲ್ಲ.

ಹಾಗಾದರೆ ಸಂಧ್ಯಾಕಾಲದಲ್ಲಿ ಡೇರೆಯ ಸುತ್ತ ಗುಂಯ್‌ಗುಟ್ಟುವ ಆ ಸೈನ್ಯವು ಬಂದುದೆಲ್ಲಿಂದ? ಕೆರೆಗೆ ಬೆನ್ನು ಮಾಡಿ ಕುಳಿತರೆ ಉತ್ತರ ಸಿಕ್ಕುವುದು. ನೀರು ಕುಡಿಯಲು ಇಳಿದ ದನದ ಗೊರಸು ಕೆಸರಿನಲ್ಲಿ ಒತ್ತಿದ ಗುಳಿಯೊಂದನ್ನು ನೋಡಿರಿ: ಬೊಗಸೆಗಿಂತ ಕಡಿಮೆ ನೀರು, ಅದರಲ್ಲಿ ನೂಲೆಳೆಯ ತುಂಡುಗಳಂತಹ ಕಂದು ಜೀವಿಗಳು ಮೇಲ್ಮೈಗೆ ಅಂಟಿಕೊಂಡಿರುವುವು. ಅಂಗೈಯ ನೆರಳು ಬಿದ್ದೊಡನೆ ಅವೆಲ್ಲವೂ ಕೊಂಕಿ ಕೊಂಕಿ ತಳಕ್ಕಿಳಿದು, ತುಸು ಹೊತ್ತಿನ ಮೇಲೆ ಒಂದೊಂದಾಗಿ ಮತ್ತೆ ಮೇಲೇರಿ ಬರುವುವು. ಕಡಿದ ಬಿದಿರಿನ ಮೋಟು, ಮರದ ಪೊಟರೆ, ಬಂಡೆಯ ಕುಳಿ ಇವೆಲ್ಲವೂ ಇದೇ ಬಗೆಯ ಪ್ರಸೂತಿಗೃಹಗಳು. ಇವುಗಳ ಸಾಲಿಗೆ ಮನುಷ್ಯನ ಕಾಣಿಕೆಯಾಗಿ ಸೇರುವುದು, ಹಿಂದಿನ ವಾರ ಅಲ್ಲಿಯೇ ಬೀಡುಬಿಟ್ಟಿದ್ದ ವಿಹಾರಪ್ರಿಯರು ಪೊದೆಯೊಳಗೆ ಎಸೆದುಹೋದ ಡಬ್ಬಿ, ಲೋಟ, ಒಡೆದ ಬಾಟಲಿಗಳು. ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯೊಡೆದು ರೆಕ್ಕೆ ಮೂಡಲು 7ರಿಂದ 10 ದಿನಗಳು ಸಾಕಾದುದರಿಂದ, ಅವರ ಲೋಟದ ಫಲವನ್ನು ನೀವು ಉಣ್ಣುವಿರಿ, ನಿಮ್ಮದನ್ನು ನಿಮ್ಮ ಅನಂತರ ಬರುವವರು. ದೂರನ್ನು ಮಾತ್ರ ಎಲ್ಲರೂ ಕೆರೆಯ ಮೇಲೆಯೇ ಹೇಳುವರು.

ಇದು ಹೊಸದಾಗಿ ಕಂಡುಹಿಡಿದ ರಹಸ್ಯವೂ ಅಲ್ಲ. ಮಲೇರಿಯವನ್ನು ಹರಡುವುದು ಸೊಳ್ಳೆಯೆಂಬುದಕ್ಕೆ 1897ರಲ್ಲಿ ಸಿಕಂದರಾಬಾದಿನಲ್ಲಿ ಪ್ರಮಾಣವನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರೊನಾಲ್ಡ್ ರಾಸ್, ಅದಕ್ಕೆ ಬಹಳ ಮೊದಲು, 1883ರಲ್ಲಿ, ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯೊಂದರಲ್ಲಿ ಈ ಮರಿಹುಳುಗಳನ್ನು ಕಂಡು ಅದನ್ನು ಮಗುಚಿಹಾಕಿಸಿದನು. ಕೋಣೆಯ ಸೊಳ್ಳೆಯ ಕಾಟವೂ ಇಳಿಯಿತು. ಉಳಿದ ಪಾತ್ರೆ ಡಬ್ಬಿಗಳನ್ನೂ ಹಾಗೆಯೇ ಬರಿದುಮಾಡಿಸೋಣವೆಂದು ದಂಡಿನ ಅಧಿಕಾರಿಯೊಬ್ಬನಿಗೆ ಸೂಚಿಸಲು, ಅವನು ಅದು ಪ್ರಕೃತಿಯ ಕ್ರಮಕ್ಕೆ ವಿರುದ್ಧವೆಂದೂ, ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾದ ಸೊಳ್ಳೆಗಳನ್ನು ಸಹಿಸುವುದೇ ನಮ್ಮ ಕರ್ತವ್ಯವೆಂದೂ ತಳ್ಳಿಹಾಕಿದನೆಂದು ರಾಸನೇ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿರುವನು. ಆ ಅಧಿಕಾರಿಯ ವಂಶ ಬೆಳೆದಿದೆ. ತೊಟ್ಟಿಯನ್ನು ಮಗುಚಲು ಒಲ್ಲದವರೇ ಮುಂದೆ ಮಲೇರಿಯದ ಹೆಸರು ಹೇಳಿ ಅದೇ ಊರಿನ ಕೆರೆಗಳನ್ನು ಒಡೆಯಲು ಹೊರಟರು. ತಮ್ಮ ಹಿತ್ತಿಲಿನ ಡಬ್ಬಿಗಿಂತ ಊರಿನ ಕೆರೆಯನ್ನು ದೂಷಿಸುವುದು ಮನುಷ್ಯನಿಗೆ ಎಂದಿಗೂ ಸುಲಭ.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ರಕ್ತ ಸಿಹಿಯಾದವರನ್ನೇ ಸೊಳ್ಳೆ ಅರಸುವುದೆಂಬುದು ಸುಳ್ಳು. ಅದನ್ನು ಸೆಳೆಯುವುದು ನಾವು ಹೊರಬಿಡುವ ಉಸಿರು, ಮೈಯ ವಾಸನೆ ಮತ್ತು ಶಾಖ. ತಿಳಿನೀರಿನಲ್ಲಿ ಸೊಳ್ಳೆಯಿಲ್ಲವೆಂಬವರಿಗೆ ಮಲೆನಾಡಿನ ಮಲೇರಿಯದ ಚರಿತ್ರೆಯೇ ಉತ್ತರ: ಅಲ್ಲಿ ಅದನ್ನು ಹರಡಿದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಮೆಲ್ಲನೆ ಹರಿಯುವ ತಿಳಿಯಾದ ಹಳ್ಳಗಳ ಅಂಚಿನಲ್ಲಿ ಹುಟ್ಟುವಂಥದು. ಚಳಿಯ ಸೀಮೆಯಲ್ಲಿ ಸೊಳ್ಳೆ ಬದುಕದೆಂಬವರು ಉತ್ತರಧ್ರುವ ಪ್ರದೇಶದ ಬಯಲುಗಳಿಗೆ ಬೇಸಗೆಯಲ್ಲಿ ಒಮ್ಮೆ ಹೋಗಿಬರಲಿ. ಹಗಲು ಕಚ್ಚದೆಂಬುದು ಡೆಂಗೆಯ ಸೊಳ್ಳೆಗೆ ತಿಳಿಯದ ಶಾಸ್ತ್ರ. ಕಿವಿಗೆ ಕೇಳದ ನಾದವನ್ನು ಹೊರಡಿಸಿ ಸೊಳ್ಳೆಯನ್ನೋಡಿಸುವುದೆಂದು ಮಾರುವ ಯಂತ್ರ, ಪರೀಕ್ಷೆಗೊಡ್ಡಿದಾಗ ಓಡಿಸಿದುದು ಕೊಂಡವನ ಹಣವನ್ನು ಮಾತ್ರ. ಆದರೂ ಅದನ್ನು ಕೊಂಡು, ಸೊಳ್ಳೆಪರದೆಯನ್ನು ಮನೆಯಲ್ಲಿ ಬಿಟ್ಟುಬರುವ ಪದವೀಧರರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಸೊಳ್ಳೆಯ ಹಾರಾಟ ಮಂದವಾದುದು. ಆದಕಾರಣ ಅಪ್ಪಣೆಯಿರುವ ಕಡೆ ಪೊದೆಗಳನ್ನೂ ತಗ್ಗಿನ ಜೌಗನ್ನೂ ಬಿಟ್ಟು, ನೀರಿನ ಮೇಲಿನಿಂದ ಗಾಳಿ ನೇರವಾಗಿ ಬೀಸುವ ತೆರೆದ ದಿಣ್ಣೆಯ ಮೇಲೆ ಡೇರೆಯನ್ನು ಹೂಡಿರಿ. ಕತ್ತಲಾಗುವ ಮುನ್ನ ಉದ್ದ ತೋಳಿನ ಅಂಗಿ ತೊಟ್ಟು, ಡೇರೆಯ ಬಾಗಿಲಿನ ಪರದೆಯನ್ನು ಎಳೆದುಕೊಳ್ಳಿರಿ. ಹೊರಡುವ ಬೆಳಿಗ್ಗೆ ನಿಮ್ಮ ಡಬ್ಬಿ ಲೋಟಗಳ ಜೊತೆಗೆ ನಿಮಗಿಂತ ಮುಂಚೆ ಬಂದವರವನ್ನೂ ಮಗುಚಿ ಚೀಲಕ್ಕೆ ಹಾಕಿಕೊಂಡು ಬನ್ನಿರಿ.