ಮೇಲೆ ಫ್ರೀಜರ್ ಇರುವ ಫ್ರಿಜ್: ಅಡುಗೆಮನೆಗೂ ಸೈ, ಕೊಟ್ಟಿಗೆಗೂ ಸೈ



ಹಸು ನೋಡಲು ನಿಮ್ಮ ಮನೆಗೆ ಬಂದಾಗ ಈಚೆಗೆ ನೀವು ಹಸುವಿನ ಜೊತೆ ಇನ್ನೊಂದು ವಿಷಯವನ್ನೂ ಕೇಳುತ್ತಿದ್ದೀರಿ. "ಡಾಕ್ಟ್ರೇ, ಬಟವಾಡೆ ದುಡ್ಡು ಕೂಡಿಟ್ಟಿದೀನಿ. ಫ್ರಿಜ್ ತಗೊಳ್ಳೋಣ ಅಂತ. ಒಂದು ಬಾಗಿಲಿಂದು ಸಾಕಾ, ಎರಡು ಬಾಗಿಲಿಂದು ಬೇಕಾ?" ಪಶುವೈದ್ಯರನ್ನು ಕೇಳುವ ಪ್ರಶ್ನೆಯೇ ಇದು ಎಂದು ಮೊದಮೊದಲು ನಾನು ನಕ್ಕಿದ್ದೆ. ಈಗ ನಗುವುದಿಲ್ಲ. ಕಾರಣ ಒಂದು ಕರು.

ಮೂರು ವರ್ಷದ ಹಿಂದೆ ಒಂದು ರಾತ್ರಿ ಕರೆ ಬಂತು. ಹಸು ಕರು ಹಾಕಿತ್ತು, ಆದರೆ ಗರ್ಭಕೋಶ ಹರಿದು ಒಳಗೇ ರಕ್ತಸ್ರಾವವಾಗಿತ್ತು. ನಾನು ತಲುಪುವಷ್ಟರಲ್ಲಿ ಹಸು ಉಳಿಯಲಿಲ್ಲ. ಕರು ಮಾತ್ರ ಗಟ್ಟಿಯಾಗಿತ್ತು, ಹೆಣ್ಣು ಕರು, ಎದ್ದು ನಿಂತು ಕೆಚ್ಚಲು ಹುಡುಕುತ್ತಿತ್ತು. ಅದಕ್ಕೆ ಒಂದು ಹನಿ ಗಿಣ್ಣದ ಹಾಲೂ ಸಿಕ್ಕಿರಲಿಲ್ಲ. ಅದೇ ಬೀದಿಯಲ್ಲಿ ಹಿಂದಿನ ದಿನ ಇನ್ನೊಂದು ಹಸು ಕರು ಹಾಕಿತ್ತು. ವಿಚಾರಿಸಿದರೆ, ಗಿಣ್ಣನ್ನೆಲ್ಲ ಬೆಲ್ಲ ಹಾಕಿ ಕಾಯಿಸಿ ನೆಂಟರಿಷ್ಟರಿಗೆ ಹಂಚಿ ಆಗಿತ್ತು. ಮಾಮೂಲಿ ಹಾಲನ್ನೇ ಕುಡಿಸಿದೆವು. ಐದನೆಯ ದಿನ ಭೇದಿ ಶುರುವಾಯಿತು, ಏಳನೆಯ ದಿನ ಕರು ಹೋಯಿತು. ಹಸುವೂ ಇಲ್ಲ, ಮುಂದೆ ಹಸುವಾಗಬೇಕಿದ್ದ ಕರುವೂ ಇಲ್ಲ. ಆ ಮನೆಯಾಕೆ ಖಾಲಿ ಕೊಟ್ಟಿಗೆಯಲ್ಲಿ ಕೂತಿದ್ದು ನನಗೆ ಇನ್ನೂ ಮರೆತಿಲ್ಲ.

ಅಂದು ಯಾರದಾದರೂ ಮನೆಯ ಫ್ರೀಜರ್‌ನಲ್ಲಿ ಮೂರು ಲೀಟರ್ ಗಿಣ್ಣದ ಹಾಲು ಇದ್ದಿದ್ದರೆ ಆ ಕರುವಿಗೆ ಬದುಕುವ ಅವಕಾಶ ಎಷ್ಟೋ ಹೆಚ್ಚಿರುತ್ತಿತ್ತು. ಆದ್ದರಿಂದ ಈ ಸಲ ಫ್ರಿಜ್ ಬಗ್ಗೆಯೇ ಬರೆಯುತ್ತಿದ್ದೇನೆ.

ಗಿಣ್ಣದ ಹಾಲಿಗೆ ಯಾಕಿಷ್ಟು ಅವಸರ?

ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇಲ್ಲವೆಂದೇ ಹೇಳಬೇಕು. ಅದು ಬರುವುದು ಗಿಣ್ಣದ ಹಾಲಿನಿಂದ. ಕರುವಿನ ಕರುಳು ಆ ಶಕ್ತಿಯನ್ನು ರಕ್ತಕ್ಕೆ ಹೀರಿಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಚೆನ್ನಾಗಿ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಬಂದು, ಸುಮಾರು 24 ಗಂಟೆಗೆ ಪೂರ್ತಿ ಮುಚ್ಚುತ್ತದೆ.

ಲೆಕ್ಕ ಸುಲಭ: ಕರುವಿನ ತೂಕದ ಹತ್ತನೇ ಒಂದು ಭಾಗ. 30 ಕೆಜಿ ಕರುವಿಗೆ 3 ಲೀಟರ್. ಅದರಲ್ಲಿ ಅರ್ಧವನ್ನು ಹುಟ್ಟಿದ ಎರಡು ಗಂಟೆಯೊಳಗೆ, ಉಳಿದದ್ದನ್ನು 12 ಗಂಟೆಯೊಳಗೆ ಕುಡಿಸಬೇಕು. ಕಸ ಬೀಳಲಿ ಎಂದು ಕಾಯಬೇಡಿ. ಕರು ಕುಡಿದು ಮಿಕ್ಕಿದ್ದರಲ್ಲಿ ಗಿಣ್ಣು ಮಾಡಿ, ಹಂಚಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಎರಡು ಮೂರು ಲೀಟರ್ ಎತ್ತಿಡಿ.

ಒಂದು ಬಾಗಿಲೋ, ಎರಡು ಬಾಗಿಲೋ?

ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಮೇಲೆ ಒಂದು ಸಣ್ಣ ಐಸ್ ಪೆಟ್ಟಿಗೆ ಇರುತ್ತದೆ. ಅಲ್ಲಿ ನೀರು ಗಡ್ಡೆ ಕಟ್ಟುತ್ತದೆ ನಿಜ. ಆದರೆ ದೊಡ್ಡ ಬಾಗಿಲು ತೆಗೆದಾಗಲೆಲ್ಲ ಅದಕ್ಕೂ ಬಿಸಿ ಗಾಳಿ ತಾಗುತ್ತದೆ, ತಿಂಗಳುಗಟ್ಟಲೆ ಗಿಣ್ಣದ ಹಾಲು ಇಡುವಷ್ಟು ಚಳಿ ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮೇಲೆ ಪ್ರತ್ಯೇಕ ಬಾಗಿಲಿನ ಫ್ರೀಜರ್ ಇರುವ ಫ್ರಿಜ್‌ನಲ್ಲಿ ಮೈನಸ್ 18 ಡಿಗ್ರಿ ಸಿಗುತ್ತದೆ. ಗಿಣ್ಣಕ್ಕೆ ಬೇಕಾದದ್ದು ಅದೇ.

ಒಂದು ಬಾಗಿಲಿನದು ಕಡಿಮೆ ಬೆಲೆ, ಕರೆಂಟೂ ಕಡಿಮೆ. ಮನೆಯಲ್ಲಿ ಇಬ್ಬರೇ, ಇರುವುದು ಒಂದೇ ಹಸು, ಪಕ್ಕದ ಮನೆಯಲ್ಲಿ ಫ್ರೀಜರ್ ಇದೆ ಎಂದಾದರೆ ಸಾಲ ಮಾಡಿ ದೊಡ್ಡದು ತರುವ ಅಗತ್ಯವಿಲ್ಲ. ಎರಡು ಮೂರು ಹಸು, ನಾಲ್ಕೈದು ಜನ ಇರುವ ಮನೆಗೆ 240ರಿಂದ 280 ಲೀಟರಿನ ಎರಡು ಬಾಗಿಲಿನದು ಸಾಕು. ಅದರಲ್ಲಿ ಫ್ರೀಜರ್‌ಗೆ 50 ಲೀಟರಿನ ಆಸುಪಾಸು ಜಾಗ ಸಿಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು:

- ಸ್ಟಾರ್ ಚೀಟಿ. ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ, ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರಲ್ಲೇ ಬರೆದಿರುತ್ತದೆ. 240 ಎಂದಿದ್ದರೆ ತಿಂಗಳಿಗೆ ಸುಮಾರು 20 ಯೂನಿಟ್. ಗೃಹಜ್ಯೋತಿ ಇರುವವರು ತಮ್ಮ ಬಿಲ್ಲಿನಲ್ಲಿ ಇನ್ನೆಷ್ಟು ಯೂನಿಟ್ ಉಳಿದಿದೆ ಎಂದು ಮೊದಲೇ ನೋಡಿಕೊಳ್ಳಿ. ಚೀಟಿಯ ವರ್ಷವನ್ನೂ ನೋಡಿ. ನಿಯಮ ಬಿಗಿಯಾಗುತ್ತಾ ಬಂದಿರುವುದರಿಂದ ಹಳೆಯ ಮೂರು ನಕ್ಷತ್ರವೂ ಹೊಸ ಮೂರು ನಕ್ಷತ್ರವೂ ಒಂದೇ ಅಲ್ಲ.
- ವೋಲ್ಟೇಜ್. ಸ್ಟೆಬಿಲೈಸರ್ ಬೇಡ ಎನ್ನುವ ಮಾದರಿಗೂ ಒಂದು ಮಿತಿ ಇರುತ್ತದೆ, ಅದನ್ನು ಓದಿಸಿ ಕೇಳಿ. ಸಂಜೆ ಹೊತ್ತು ನಿಮ್ಮಲ್ಲಿ ಬಲ್ಬು ಮಂಕಾಗುತ್ತದೆ ಎಂದಾದರೆ ಸ್ಟೆಬಿಲೈಸರ್ ಹಾಕಿಸುವುದೇ ಕ್ಷೇಮ.
- ಸರ್ವಿಸ್. ನಿಮ್ಮ ಊರಿಗೆ ಬಂದು ರಿಪೇರಿ ಮಾಡುವವರು ಇದ್ದಾರೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ಮನೆಗೆ ತಂದ ಮೇಲೆ ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಎದುರು ಇಡಬೇಡಿ. ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್‌ಗೇ ಹಾಕಿ. ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಚಾಲೂ ಮಾಡಿ. ಬಾಗಿಲಿನ ರಬ್ಬರ್ ಸರಿಯಿದೆಯೇ ನೋಡಲು ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ, ಚಳಿ ಸೋರುತ್ತಿದೆ ಎಂದರ್ಥ.

ಗಿಣ್ಣದ ಹಾಲು ಎತ್ತಿಡುವ ಕ್ರಮ

ಎಲ್ಲ ಹಸುವಿನ ಗಿಣ್ಣೂ ಆಗುವುದಿಲ್ಲ. ಎರಡನೆಯ ಸೂಲು ದಾಟಿದ, ಆರೋಗ್ಯವಾಗಿರುವ ಹಸುವಿನದ್ದೇ ಒಳ್ಳೆಯದು. ಕೆಚ್ಚಲು ಬಾವು ಇರುವುದು, ಕರು ಹಾಕುವ ಮೊದಲೇ ಹಾಲು ಸೋರುತ್ತಿದ್ದದ್ದು, ಹಿಂದೆ ಕಂದು ಹಾಕಿದ್ದು, ಇವುಗಳದ್ದು ಬೇಡ. ಕಂದು ಹಾಕುವ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿದ್ದರೆ ಇನ್ನೂ ಒಳ್ಳೆಯದು.

ಕೆಚ್ಚಲು ತೊಳೆದು ಒರೆಸಿ, ಮೊದಲ ಕರಾವಿನ ಗಟ್ಟಿ ಹಳದಿ ಹಾಲನ್ನು ಕುದಿಸಿ ತೊಳೆದ ಪಾತ್ರೆಗೆ ಕರೆಯಿರಿ. ಅರ್ಧ ಅಥವಾ ಒಂದು ಲೀಟರಿನಂತೆ ಹೊಸ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ತೆಗೆದು, ಬಿಗಿಯಾಗಿ ಮುಚ್ಚಿ. ಮೇಲೆ ತಾರೀಕು, ಹಸುವಿನ ಕಿವಿಯೋಲೆಯ ಕೊನೆಯ ನಾಲ್ಕು ಅಂಕಿ, "ಕರುವಿಗೆ" ಎಂದು ಬರೆಯಿರಿ. ಹಸಿ ಹಾಲು ಮಕ್ಕಳ ಕೈಗೆ ಸಿಗಬಾರದು. ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಇಟ್ಟರೆ ಬೇಗ ಗಡ್ಡೆ ಕಟ್ಟುತ್ತದೆ, ಬೇಕಾದಾಗ ಬೇಗ ಕರಗುತ್ತದೆ. ಬಾಗಿಲಿನ ಹತ್ತಿರ ಬೇಡ, ಹಿಂದಕ್ಕೆ ಇಡಿ.

ಒಂದೇ ಸಮ ಮೈನಸ್ 18 ಇದ್ದರೆ ಗಿಣ್ಣು ಒಂದು ವರ್ಷ ಉಳಿಯುತ್ತದೆ. ಆದರೆ ಮಂಜು ಕಟ್ಟದ ಫ್ರಿಜ್‌ಗಳಲ್ಲಿ ಒಳಗಿನ ಮಂಜು ಕರಗಿಸಲು ಆಗಾಗ ಒಂದು ಸಣ್ಣ ಹೀಟರ್ ತಾನಾಗೇ ಹತ್ತಿಕೊಳ್ಳುತ್ತದೆ. ಹಾಗಾಗಿ ಮನೆಯ ಫ್ರೀಜರ್‌ಗೆ ಆರು ತಿಂಗಳ ಗಡುವು ಇಟ್ಟುಕೊಳ್ಳಿ. ಮುಂದಿನ ಹಸು ಕರು ಹಾಕಿದಾಗ ಹಳೆಯದು ತೆಗೆದು ಹೊಸದು ಇಡಿ.

ಕರಗಿಸುವಾಗಲೇ ಹೆಚ್ಚು ತಪ್ಪಾಗುವುದು. ಒಲೆಯ ಮೇಲೆ ಇಡಬೇಡಿ, ಕುದಿಯುವ ನೀರಿಗೆ ಹಾಕಬೇಡಿ. ಬಿಸಿ ಹೆಚ್ಚಾದರೆ ರೋಗನಿರೋಧಕ ಶಕ್ತಿ ಸತ್ತುಹೋಗಿ ಬರೀ ಹಾಲು ಉಳಿಯುತ್ತದೆ. ಬಕೆಟ್ಟಿಗೆ ಒಂದು ಪಾಲು ಕುದಿಯುವ ನೀರು, ಎರಡು ಪಾಲು ತಣ್ಣೀರು ಹಾಕಿದರೆ ಸುಮಾರು 50 ಡಿಗ್ರಿ ಆಗುತ್ತದೆ. ಚೀಲವನ್ನು ಅದರಲ್ಲಿ ಮುಳುಗಿಸಿ, ನೀರು ಆರಿದರೆ ಬದಲಾಯಿಸಿ. ಮೈ ಬೆಚ್ಚಗಿನಷ್ಟು ಆದಾಗ ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ಕರೆಂಟ್ ಹೋದರೆ?

ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು ಒಂದು ದಿನ ತಡೆಯುತ್ತದೆ, ಖಾಲಿ ಫ್ರೀಜರ್ ಅಷ್ಟು ತಡೆಯುವುದಿಲ್ಲ. ಜಾಗ ಖಾಲಿ ಇದ್ದರೆ ಬಾಟಲಿಗಳಿಗೆ ಮುಕ್ಕಾಲು ಭಾಗ ನೀರು ತುಂಬಿ ಇಡಿ. ಕೆಳಗಿನ ಭಾಗ ನಾಲ್ಕು ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ.

ನೀವು ಊರಲ್ಲಿಲ್ಲದಾಗ ಕರೆಂಟ್ ಹೋಗಿ ಬಂದಿತ್ತೇ ಎಂದು ತಿಳಿಯಲು ಒಂದು ಉಪಾಯ: ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಮೇಲೆಯೇ ಇದ್ದರೆ ಸರಿ. ತಳ ಸೇರಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ. ಆ ಗಿಣ್ಣನ್ನು ನಂಬಬೇಡಿ.

ಲಸಿಕೆ, ಔಷಧಿ: ನನ್ನದೇ ಒಂದು ತಪ್ಪು

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನು ಒಂದು ರಾತ್ರಿ ಊರಿನ ಒಬ್ಬರ ಮನೆಯ ಫ್ರಿಜ್‌ನಲ್ಲಿ ಇಡಿಸಿದ್ದೆ. ಎಲ್ಲಿಡಬೇಕೆಂದು ಹೇಳುವುದನ್ನು ಮರೆತೆ. ತಣ್ಣಗಿರಲಿ ಎಂಬ ಒಳ್ಳೆಯ ಮನಸ್ಸಿನಿಂದ ಅವರು ಫ್ರೀಜರ್‌ಗೇ ಇಟ್ಟಿದ್ದರು. ಬೆಳಿಗ್ಗೆ ಎಲ್ಲವೂ ಗಡ್ಡೆ. ಅಷ್ಟನ್ನೂ ಬಿಸಾಡಬೇಕಾಯಿತು. ತಪ್ಪು ಅವರದಲ್ಲ, ನನ್ನದು. ಈ ಲಸಿಕೆಗೆ 2ರಿಂದ 8 ಡಿಗ್ರಿ ಬೇಕು. ಒಮ್ಮೆ ಗಡ್ಡೆ ಕಟ್ಟಿದರೆ ಕರಗಿಸಿ ಹಾಕಿದರೂ ಪ್ರಯೋಜನವಿಲ್ಲ.

ಫ್ರಿಜ್‌ನಲ್ಲೇ ಇಡಿ ಎಂದು ನಾವು ಹೇಳಿದ ಔಷಧಿಯನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ ನಡುವಿನ ತಟ್ಟೆಯಲ್ಲಿಡಿ. ಬಾಗಿಲಿನಲ್ಲಿ ಬೇಡ, ಅಲ್ಲಿ ಚಳಿ ಕಡಿಮೆ. ಹಿಂದೆ ಗಾಳಿ ಬರುವ ತೂತಿನ ಎದುರೂ ಬೇಡ, ಅಲ್ಲಿ ಗಡ್ಡೆ ಕಟ್ಟಬಹುದು. ಆ ತೂತುಗಳನ್ನು ಸೊಪ್ಪು ತರಕಾರಿಯಿಂದ ಮುಚ್ಚಲೂಬಾರದು. ಮೇಲಿನ ಫ್ರೀಜರ್‌ನ ತಣ್ಣನೆ ಗಾಳಿ ಕೆಳಗೆ ಬರುವುದೇ ಅದರಿಂದ. ಕ್ಯಾಲ್ಸಿಯಂ ಬಾಟಲಿಗೆ ಫ್ರಿಜ್ ಬೇಕಿಲ್ಲ. ಉಳಿದ ಔಷಧಿಗಳಿಗೆ ಲೇಬಲ್ ನೋಡಿ, ಗೊತ್ತಾಗದಿದ್ದರೆ ನಮ್ಮನ್ನು ಕೇಳಿ. ಸೆಮೆನ್ ಕಡ್ಡಿಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕವೇ ಬೇಕು, ಯಾವ ಫ್ರೀಜರೂ ಅದಕ್ಕೆ ಆಗದು.

ಸಂಘಕ್ಕೆ ಹಾಕುವ ಹಾಲು ಫ್ರಿಜ್‌ಗೆ ಬೇಡ

"ಸಂಜೆ ಹಾಲು ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಹಾಲಿನ ಜೊತೆ ಹಾಕಿದ್ರೆ?" ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಕೆಚ್ಚಲಿನಿಂದ ಬರುವ ಹಾಲು ಮೈಯಷ್ಟೇ ಬೆಚ್ಚಗಿರುತ್ತದೆ. ಸಂಘದ ಬಿಎಂಸಿ ಅದನ್ನು ಕಲಕುತ್ತಾ ಬೇಗನೆ 4 ಡಿಗ್ರಿಗೆ ತರುತ್ತದೆ. ಮನೆಯ ಫ್ರಿಜ್‌ನಲ್ಲಿ ಐದು ಲೀಟರಿನ ಕ್ಯಾನಿನ ನಡುಭಾಗ ತಣಿಯಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಆ ಹಾಲನ್ನು ತಾಜಾ ಹಾಲಿಗೆ ಬೆರೆಸಿದರೆ ಎರಡೂ ಕೆಡುತ್ತವೆ, ನಿಮ್ಮ ಜೊತೆ ಇಡೀ ಸಂಘದ ಹಾಲಿಗೆ ಪೆಟ್ಟು. ಕರೆದ ಕೂಡಲೇ ಸಂಘಕ್ಕೆ ಒಯ್ಯುವುದೇ ಸರಿ.

ಮನೆ ಬಳಕೆಯ ಹಾಲನ್ನು ಕಾಯಿಸಿ, ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್‌ಗೆ ಇಡಿ. ಹಸಿ ಹಾಲು, ಮಾಂಸ ಕೆಳಗಿನ ತಟ್ಟೆಯಲ್ಲಿ, ಬೇಯಿಸಿದ್ದು ಮೇಲೆ ಇರಲಿ.

ಬೀದಿಗೊಂದು ಫ್ರೀಜರ್ ಸಾಕು

ಕಳೆದ ವರ್ಷ ಇನ್ನೊಂದು ಊರಲ್ಲಿ ಕರು ಹಾಕಿದ ಹಸುವಿನ ನಾಲ್ಕೂ ಮೊಲೆಗೆ ಬಾವು ಬಂದು, ಹಾಲಿನ ಬದಲು ಕೀವು ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಅಜ್ಜಿ, "ನಮ್ಮ ಫ್ರಿಜ್‌ನಲ್ಲಿ ಐತೆ, ತತ್ತೀನಿ ಇರಿ" ಎಂದು ಎದ್ದರು. ಒಂದೊಂದು ಲೀಟರಿನ ಮೂರು ಚೀಲ, ಮೇಲೆ ಮೊಮ್ಮಗಳ ಅಕ್ಷರದಲ್ಲಿ ತಾರೀಕು. ಒಂದೂವರೆ ಗಂಟೆಯಲ್ಲಿ ಕರು ಹೊಟ್ಟೆ ತುಂಬ ಕುಡಿದು ಮಲಗಿತು. ಈಗ ಅದು ಕೊಟ್ಟಿಗೆಯಲ್ಲಿ ಜಿಗಿಯುವ ಕಡಸು.

ಎಲ್ಲರ ಮನೆಗೂ ದೊಡ್ಡ ಫ್ರಿಜ್ ಬರಬೇಕಿಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಒಂದು ಮಾತು ಎತ್ತಿ: ಯಾರ ಮನೆಯಲ್ಲಿ ಫ್ರೀಜರ್ ಇದೆ, ಅದರಲ್ಲಿ ಗಿಣ್ಣಕ್ಕೆ ಒಂದು ಮೂಲೆ ಕೊಡುತ್ತಾರೆಯೇ, ಯಾರ ಹಸು ಯಾವ ತಿಂಗಳು ಕರು ಹಾಕುತ್ತದೆ. ಒಬ್ಬರು ತೆಗೆದುಕೊಂಡರೆ, ತಮ್ಮ ಹಸು ಕರು ಹಾಕಿದಾಗ ಅಷ್ಟನ್ನು ವಾಪಸ್ ಇಡಬೇಕು. ಹಾಲಿನ ಪುಸ್ತಕ ಬರೆಯುವ ನಿಮಗೆ ಈ ಲೆಕ್ಕ ಯಾವ ದೊಡ್ಡದು?

ರಾತ್ರಿ ಹೊತ್ತು ತೊಂದರೆಯಾದರೆ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ. ನಾವು ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ಗಿಣ್ಣು ಕರಗುತ್ತಿರಲಿ.