ಹಕ್ಕಿಗೂ ದೋಣಿಗೂ ನಡುವಿನ ಅಂತರ

ಅಹಮದಾಬಾದಿನಿಂದ ಸುಮಾರು 60 ಕಿ.ಮೀ. ದೂರದ ನಲ್ ಸರೋವರದ ಹರವು 120 ಚದರ ಕಿ.ಮೀ. ಆದರೂ ಆಳ ತೀರಾ ಕಡಿಮೆ. ಅಂಬಿಗರು ಬಿದಿರ ಗಳವನ್ನು ಕೆಸರಿಗೂರಿ ದೋಣಿ ತಳ್ಳುತ್ತಾರೆ. ಚಳಿಗಾಲದಲ್ಲಿ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಇಲ್ಲಿಗೆ ಬರುವುದೂ ಈ ತೆಳುನೀರನ್ನು ನಂಬಿಯೇ. ಅವು ಕೊಕ್ಕನ್ನು ತಲೆಕೆಳಗಾಗಿ ಮುಳುಗಿಸಿ, ನಾಲಗೆಯನ್ನು ಪಂಪಿನಂತೆ ಆಡಿಸಿ ನೀರನ್ನು ಎಳೆದು ಹೊರದಬ್ಬುತ್ತವೆ. ಕೊಕ್ಕಿನೊಳಗಿನ ಜರಡಿಯಲ್ಲಿ ಉಳಿದ ಪಾಚಿ, ಸಣ್ಣ ಜಲಜೀವಿಗಳೇ ಆಹಾರ. ತುತ್ತು ಅಷ್ಟು ಚಿಕ್ಕದಾದ್ದರಿಂದ ಗಂಟೆಗಟ್ಟಲೆ ಮೇಯಲೇಬೇಕು.

ದೋಣಿ ಸಮೀಪಿಸಿದರೆ ಮೊದಲು ತಲೆ ಎತ್ತುತ್ತವೆ. ಊಟ ಅಲ್ಲಿಗೇ ನಿಂತಿತು. ಇನ್ನೂ ಹತ್ತಿರವಾದರೆ ಹೆಜ್ಜೆಹಾಕಿ ಸರಿಯುತ್ತವೆ, ಕೊನೆಗೆ ನೀರಿನ ಮೇಲೆ ಓಡುತ್ತಾ ಮೇಲೇಳುತ್ತವೆ. ಕ್ಯಾಮೆರಾ ಹಿಡಿದವರಿಗೆ ಬೇಕಾದದ್ದು ಆ ಗುಲಾಬಿ ರೆಕ್ಕೆಗಳು. ಹಕ್ಕಿಗಾದರೋ ಹಾಗೆ ಮೇಲೇಳುವುದಕ್ಕೇ ಬಹಳ ಶಕ್ತಿ ಬೇಕು. ದೋಣಿಯೋ ಮನುಷ್ಯರೋ ಎಷ್ಟು ಸಮೀಪಿಸಿದಾಗ ಹಕ್ಕಿ ಬೆದರಿ ಹಾರುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆಯುತ್ತಾರೆ. ಅದು ಜಾತಿಯಿಂದ ಜಾತಿಗೆ ಬೇರೆ. ದಿನಕ್ಕೆ ಎಷ್ಟು ಪ್ರವಾಸಿಗರು ಎಂಬ ಲೆಕ್ಕಕ್ಕಿಂತ ಈ ಅಂತರವೇ ಮುಖ್ಯ ಎಂದು ನನಗನಿಸುತ್ತದೆ. ದೂರ ನಿಂತ ನೂರು ಜನರಿಗಿಂತ ಹಿಂಡಿನೊಳಗೆ ನುಗ್ಗಿದ ಒಂದೇ ದೋಣಿ ಹೆಚ್ಚು ಹಾನಿ ಮಾಡಬಲ್ಲದು.

ಈ ಮಾತು ವಡೋದರಾ ಬಳಿಯ ವಢವಾಣಾ ಕೆರೆಗೂ ಸಲ್ಲುತ್ತದೆ. ಅದು ಬರೋಡಾ ಸಂಸ್ಥಾನದವರು ನೀರಾವರಿಗೆಂದು ಕಟ್ಟಿಸಿದ್ದು. 2021ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೂ ಬರುತ್ತವೆ. ಹಿಮಾಲಯ ದಾಟಿ ಮರಳಬೇಕಾದ ಈ ಹಕ್ಕಿಗಳಿಗೆ ಚಳಿಗಾಲವೆಂದರೆ ಕೊಬ್ಬು ಕೂಡಿಡುವ ಕಾಲ. ಪದೇ ಪದೇ ಎಬ್ಬಿಸಿದರೆ ಆ ಉಳಿತಾಯವೇ ಕರಗುತ್ತದೆ.

ಸೂರತ್ತಿನ ತಾಪಿ ನದಿಯಲ್ಲಿ ತೊಂದರೆಯ ರೂಪ ಬೇರೆ. ಅಲ್ಲಿ ಪ್ರೀತಿಯಿಂದಲೇ ಕಡಲಕ್ಕಿಗಳಿಗೆ ಗಾಂಠಿಯಾ ಎರಚುತ್ತಾರೆ. ಎಣ್ಣೆಯಲ್ಲಿ ಕರಿದ ಆ ಉಪ್ಪುತಿಂಡಿ ಮೀನು ಹಿಡಿಯುವ ಹಕ್ಕಿಗೆ ತಕ್ಕ ಆಹಾರವಲ್ಲ.

ಹಾಗಾದರೆ ದೋಣಿಗಳನ್ನೇ ನಿಲ್ಲಿಸಬೇಕೆ? ನಾನು ಒಪ್ಪಲಾರೆ. ನಲ್ ಸರೋವರ 1969ರಿಂದ ಅಭಯಾರಣ್ಯ; ಜನರ ಬಳಕೆಗೆ ಹೆಚ್ಚು ಬಿಗಿಯಿರುವ ರಾಷ್ಟ್ರೀಯ ಉದ್ಯಾನವಲ್ಲ. ಅದರ ದಡದ ಪಢಾರ್ ಸಮುದಾಯ ತಲೆಮಾರುಗಳಿಂದ ಈ ನೀರನ್ನೇ ನೆಚ್ಚಿಕೊಂಡಿದೆ. ಹಿಂಡು ಎಲ್ಲಿ ಮೇಯುತ್ತದೆ ಎಂದು ಬಲ್ಲವರೂ ಅವರೇ. ಪ್ರವಾಸಿಗಳ ದುಡ್ಡು ಅವರ ಮನೆಗೆ ತಲುಪಿದರೆ ಕೆರೆ ಕಾಯಲು ಅವರಿಗೂ ಕಾರಣವಿರುತ್ತದೆ. ಆದರೆ ಹಕ್ಕಿಗಳ ಹತ್ತಿರ ಒಯ್ದವರಿಗೇ ಹೆಚ್ಚು ಇನಾಮು ಎಂಬ ರೂಢಿ ಇದ್ದಲ್ಲಿ ಯಾವ ಎಚ್ಚರಿಕೆಯ ಫಲಕವೂ ಕೆಲಸ ಮಾಡದು. ದೋಣಿಗಳಿಗೆ ಸರದಿ, ನಿಗದಿತ ದರ, ಗುರುತಿಸಿದ ದಾರಿ ಇರಲಿ. ಮೇಯುವ ಜಾಗಗಳು ದೋಣಿಗಳಿಂದ ಪೂರ್ತಿ ಮುಕ್ತವಾಗಿರಲಿ. ಟಿಕೆಟಿನ ಜೊತೆಗೆ ಬೈನಾಕ್ಯುಲರ್ ಬಾಡಿಗೆಗೆ ಸಿಗಲಿ. ಅದರ ಆದಾಯ ಅಂಬಿಗರಿಗೇ ಸೇರಲಿ.